ಜನ ಹುಡುಕುವ ಗಿರಿಜಕ್ಕ

ಗಿರಿಜಕ್ಕ ಯಾರ ಫೋಟೋ ಕೈಗೆ ಬಂದರೂ ಮೊದಲು ಮುಖ ನೋಡುತ್ತಿರಲಿಲ್ಲ. ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ನೇರ ಕಾಲಿಗೆ ಹೋಗುತ್ತಿದ್ದರು. ಶೂ ಯಾವುದು, ಅದಕ್ಕೆ ಮೆತ್ತಿದ ಮಣ್ಣು ಕೆಂಪೋ ಕಪ್ಪೋ, ಹಿಂದೆ ನಿಂತಿರುವ ಗಾಡಿ ಎಂಥದ್ದು, ತಲೆ ಮೇಲಿನ ಹೆಲ್ಮೆಟ್ಟು ಹಳದಿಯೋ ಬಿಳಿಯೋ, ಎಲ್ಲ ನೋಡಿ ಮುಗಿಸಿ ಮುಖಕ್ಕೆ ಬರುವಷ್ಟರಲ್ಲಿ ಅವರ ತೀರ್ಮಾನ ಆಗಿಹೋಗಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ವೆಲ್ಡರನ ಫೋಟೋ ತೋರಿಸಿ, ಒಳ್ಳೆಯವನ ಥರ ಕಾಣುತ್ತಾನೆ ಎಂದೆ. "ನಾವೇನ್ ವರ ನೋಡಾಕ ಕುಂತೀವೇನವ್ವಾ? ಕೈ ನೋಡು ಅವಂದು. ಒಂದು ಸುಟ್ಟ ಕಲಿ ಇಲ್ಲ. ವೆಲ್ಡಿಂಗ್ ಅಂಗಡಿ ಮುಂದ ನಿಂತು ಫೋಟೋ ತಗಸ್ಯಾನ," ಎಂದು ಕನ್ನಡಕ ಮೇಲಕ್ಕೇರಿಸಿ ತಮ್ಮ ಕೆಲಸಕ್ಕೆ ತಿರುಗಿದರು. ಅವನನ್ನು ಕರೆಸಿದ ಮೇಲೆ ಗೊತ್ತಾಯಿತು, ಅವನು ಆ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವವನು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಟೈರಿನ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಕಾರ್ಖಾನೆ, ಗಣಿ, ಹಂಪಿ ಕಡೆಯ ರೆಸಾರ್ಟು, ಕಂಪ್ಲಿಯ ಅಕ್ಕಿ ಗಿರಣಿ, ಯಾರಿಗೆ ಎಂಥ ಜನ ಬೇಕೋ ಅಂಥವರನ್ನು ಹುಡುಕಿಕೊಡುವುದು ನಮ್ಮ ಉದ್ಯೋಗ. ಊರವರು ಇದನ್ನು 'ಕೆಲಸ ಕೊಡಿಸೋ ಆಫೀಸು' ಎನ್ನುತ್ತಾರೆ. ನಾವು ಯಾರಿಗೂ ಕೆಲಸ ಕೊಡಿಸುವುದಿಲ್ಲ ಮಾರಾಯರೇ, ಕೆಲಸ ಕೊಡುವವರಿಗೆ ಜನ ಕೊಡಿಸುತ್ತೇವೆ ಎಂದು ಹೇಳಿ ಹೇಳಿ ಬಾಯಿ ಸೋತು ಈಗ ಹೇಳುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂತು ಗುರುತಿಲ್ಲದವರ ಹೆಸರು, ವಯಸ್ಸು, ಅನುಭವ ಓದುವುದು, ಫೋನು ಹಚ್ಚುವುದು, ಬರುತ್ತೇನೆ ಎಂದವರು ಬರದೆ ಇದ್ದಾಗ ಬೈಸಿಕೊಳ್ಳುವುದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ನನ್ನ ಬಾಳು ಅಷ್ಟೇ.

ನಾನು ಎಮ್ಮಿಗನೂರಿನವಳು. ಬಿಕಾಂ ಮುಗಿಸಿ ಇಲ್ಲಿ ಸೇರಿದಾಗ ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಕೆಲಸದಲ್ಲಿ ಗಟ್ಟಿಯಾಗಿ ನಿಂತರೆ ಸರಿ, ಇಲ್ಲವಾದರೆ ಕಂಪ್ಲಿಯ ಗೊಬ್ಬರದ ಅಂಗಡಿಯವರ ಮಗನಿಗೆ ಮಾತು ಕೊಟ್ಟುಬಿಡುವುದು. ಈ ಸಂಗತಿ ಗಿರಿಜಕ್ಕನಿಗೆ ನಾನೇ ಊಟದ ಹೊತ್ತಿನಲ್ಲಿ ಹೇಳಿಕೊಂಡಿದ್ದೆ. ಅವರು ರೊಟ್ಟಿ ಮುರಿಯುತ್ತ ಹುಂ ಎಂದರು.

ಅವರು ಸಂಡೂರಿನವರು. ಮದುವೆ ಆಗಿರಲಿಲ್ಲ, ಅಣ್ಣನ ಮನೆಯ ಪಕ್ಕದಲ್ಲೇ ಎರಡು ಕೋಣೆ ಕಟ್ಟಿಕೊಂಡಿದ್ದರು. ಒಂದು ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು. ಗಣಿಗಳು ನಿಂತಾಗ ಅವರ ಕೆಲಸವೂ ಹೋಯಿತು, ಅವರು ಹಾಜರಿ ಬರೆಯುತ್ತಿದ್ದ ಮಂದಿಯೂ ದಿಕ್ಕಿಗೊಬ್ಬರಾದರು. ಗೋವಾಕ್ಕೆ ಕೆಲವರು, ಒಡಿಶಾಕ್ಕೆ ಕೆಲವರು, ದುಬೈಗೂ ಹೋದರಂತೆ. ಯಾರು ಎಲ್ಲಿ ಹೋದರು ಎಂದು ಸುಮ್ಮನೆ ಕುತೂಹಲಕ್ಕೆ ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಗಿರಿಜಕ್ಕನಿಗೆ ಈ ವಿದ್ಯೆ ಕೈ ಹತ್ತಿತು. ಗಣಿಗಳು ಮತ್ತೆ ಶುರುವಾಗಿ ಹಳೆಯ ಕೈಗಳಿಗೆ ಬೇಡಿಕೆ ಬಂದಾಗ ನಮ್ಮ ಮಾಲೀಕರು ಅವರನ್ನು ಮನೆಗೇ ಹೋಗಿ ಕರೆತಂದರು.

ಜಾಬ್ ಸೈಟುಗಳನ್ನು ಅವರು ಎಲ್ಲಕ್ಕಿಂತ ಕಡೆಗೆ ನೋಡುತ್ತಿದ್ದರು. "ಕೆಲಸ ಹುಡುಕಾವ ಎಲ್ಲಾರಿಗೂ ಸಿಗತಾನ. ಕೆಲಸ ಮಾಡಾಕತ್ತಾವನ್ನ ನಾವ ಹುಡುಕಬೇಕು," ಎನ್ನುವುದು ಅವರ ಮಾತು. ಒಮ್ಮೆ ಹಂಪಿ ಕಡೆಯ ರೆಸಾರ್ಟಿಗೆ ಒಬ್ಬ ಅಡುಗೆಯವ ಬೇಕಾಗಿತ್ತು. ನಾನು ಎರಡು ದಿನ ಹುಡುಕಿದೆ. ಹಂಪಿ ಎಂದು ಹೊಡೆದರೆ ಬರೀ ಕಲ್ಲು, ಕಂಬ, ಸೂರ್ಯಾಸ್ತ. ಅಡುಗೆ ಎಂದು ಸೇರಿಸಿದರೆ ತರಬೇತಿ ಕೊಡುತ್ತೇವೆ ಎನ್ನುವ ಸಂಸ್ಥೆಗಳ ಜಾಹೀರಾತು. ಗಿರಿಜಕ್ಕ ನನ್ನ ಕುರ್ಚಿ ಎಳೆದು ಕೂತು ಬೇಡದ ಪದಗಳ ಮೊದಲಿಗೆ ಒಂದೊಂದು ಮೈನಸ್ ಗೆರೆ ಎಳೆದರು. ಕಲ್ಲು ಹೋಯಿತು, ಕಂಬ ಹೋಯಿತು, ತರಬೇತಿ ಹೋಯಿತು. ಸೊಪ್ಪು ಸೋಸುವುದು ಎಂದು ಅದಕ್ಕೆ ಅವರ ಹೆಸರು. ಆಮೇಲೆ ಅದನ್ನೂ ಬಿಟ್ಟು ಹೊಟೇಲುಗಳ ಬಗ್ಗೆ ಪ್ರವಾಸಿಗರು ಬರೆದ ಅಭಿಪ್ರಾಯಗಳನ್ನು ಓದತೊಡಗಿದರು. ರೂಮು ಕೊಳಕು, ಸೊಳ್ಳೆ ಕಾಟ, ನೀರು ಬರಲಿಲ್ಲ ಎಂಬ ಬೈಗುಳಗಳ ನಡುವೆ ಮೂರು ಜನ ಬೇರೆ ಬೇರೆ ತಿಂಗಳಲ್ಲಿ ಒಬ್ಬ ಅಡುಗೆಯವನ ಹೆಸರು ಹಿಡಿದು ಹೊಗಳಿದ್ದರು. "ಅಡಿಗಿಯವ ತನ್ನ ಬಗ್ಗೆ ತಾನು ಬರಕೊಳ್ಳಂಗಿಲ್ಲ. ಉಂಡವರು ಬರದಿರ್ತಾರ," ಎಂದರು. ಅವನು ಇವತ್ತಿಗೂ ಆ ರೆಸಾರ್ಟಿನಲ್ಲಿದ್ದಾನೆ.

ಇನ್ನೊಂದು ಸಲ ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ತೋರಣಗಲ್ಲಿನ ಯಾರೋ ಒಂದೇ ದಿನ ಕೂಲರು, ಗ್ಯಾಸಿನ ಒಲೆ, ಕಬ್ಬಿಣದ ಮಂಚ ಮಾರಾಟಕ್ಕೆ ಹಾಕಿದ್ದನ್ನು ನೋಡಿದರು. ಒಂದು ಸಾಮಾನು ಮಾರುವವನಿಗೆ ದುಡ್ಡಿನ ತಾಪತ್ರಯ, ಮೂರು ಮಾರುವವನು ಊರು ಬಿಡುತ್ತಿದ್ದಾನೆ ಎಂಬುದು ಅವರ ಲೆಕ್ಕ. ಮಂಚ ಬೇಕು ಎಂದು ಫೋನು ಹಚ್ಚಿ ಅರ್ಧ ಗಂಟೆ ಮಾತಾಡಿದರು. ಅವನು ಎಲೆಕ್ಟ್ರಿಶಿಯನ್, ಗುತ್ತಿಗೆ ಮುಗಿದಿತ್ತು. ನಮಗೆ ಬೇಕಾಗಿದ್ದವನೂ ಅಂಥವನೇ. ಕೆಲಸವೇನೋ ಆಯಿತು, ಆದರೆ ಮಂಚ ಬೇಡ ಎನ್ನಲು ಗಿರಿಜಕ್ಕನಿಗೆ ಬಾಯಿ ಬರಲಿಲ್ಲ. ಅದು ಆಫೀಸಿಗೇ ಬಂತು. ತಿಂಗಳ ಕೊನೆಯಲ್ಲಿ ತಲೆ ಚಿಟ್ಟು ಹಿಡಿದಾಗ ನಾವಿಬ್ಬರೂ ಸರದಿ ಮೇಲೆ ಅದರ ಮೇಲೆ ಹತ್ತು ನಿಮಿಷ ಒರಗುತ್ತಿದ್ದೆವು.

ಯಾರಿಗೆ ಫೋನು ಹಚ್ಚಿದರೂ ಅವರ ಮೊದಲ ಪ್ರಶ್ನೆ ಒಂದೇ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು. ಆ ಕಡೆಯವನು ತಡವರಿಸಿದರೆ ಸಾಕು, ಇವರು ತಕ್ಷಣ ಅವನ ಸೋದರತ್ತೆ ಆಗಿಬಿಡುತ್ತಿದ್ದರು. "ನಾನಪಾ, ಸಂಡೂರು ಗಿರಿಜತ್ತಿ. ತೊಟ್ಲ ಕಾರ್ಯ ಐತಿ, ಪುರಸೊತ್ತಾದಾಗ ಫೋನ್ ಹಚ್ಚು," ಎಂದು ಇಟ್ಟುಬಿಡುತ್ತಿದ್ದರು. ಕೆಲಸದಲ್ಲಿ ಇರುವವನು ಬೇರೆ ಕೆಲಸದ ಮಾತಾಡುವುದು ಅವನ ಮೇಲಿನವರ ಕಿವಿಗೆ ಬಿದ್ದರೆ ಇದ್ದದ್ದೂ ಹೋಗುತ್ತದೆ. ನಮಗೆ ಅವನು ಒಂದು ಸಾಲು, ಅವನ ಮನೆಗೆ ಅವನೇ ಅನ್ನ ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಆಗೆಲ್ಲ ನನಗೆ ಒಳಗೊಳಗೇ ಬೇಜಾರು, ಈಯಮ್ಮಂದು ಯಾವಾಗಲೂ ಉಪದೇಶ ಎಂದು.

ಈ ಸಾಲು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ನಾಲ್ಕೈದು ಆಫೀಸುಗಳು ಸೇರಿ ಆನ್‌ಲೈನಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡಿದ್ದವು. ಬರುತ್ತೇನೆ ಎಂದು ಒಪ್ಪಿಕೊಂಡು, ಸೇರುವ ದಿನ ಕೈಕೊಟ್ಟವರ ಹೆಸರು ಅದರಲ್ಲಿ ಕೆಂಪು ಬಣ್ಣದ ಸಾಲಾಗುತ್ತಿತ್ತು. ಒಮ್ಮೆ ಕೆಂಪಾದವನನ್ನು ಸುತ್ತಲಿನ ಯಾವ ಆಫೀಸೂ ಮತ್ತೆ ಕರೆಯುತ್ತಿರಲಿಲ್ಲ. ಕಂಪನಿಗಳಿಗೂ ಆ ಪಟ್ಟಿ ಹೋಗುತ್ತಿತ್ತು. ಗಿರಿಜಕ್ಕ ಮಾತ್ರ ತಮ್ಮದೊಂದು ನೇಮ ಇಟ್ಟುಕೊಂಡಿದ್ದರು. ಕೆಂಪು ಹಾಕುವ ಮುಂಚೆ ಆ ಮನುಷ್ಯನ ಊರಿಗೆ ಹೋಗಿ, ಮುಖ ನೋಡಿ, ಯಾಕೆ ಬರಲಿಲ್ಲ ಎಂದು ಕೇಳಿ ಬರುವುದು. ಬಸ್ಸು ಹತ್ತಿ ಹೋಗಿ ಬಂದ ಮೇಲೆ ಅವರು ಕೆಂಪು ಹಾಕಿದ್ದು ನಾನು ಒಂದು ಸಲವೂ ನೋಡಲಿಲ್ಲ.

ವೀರೇಶನನ್ನು ಹುಡುಕಿದ್ದು ಗಿರಿಜಕ್ಕನೇ. ಚೋರನೂರಿನವನು, ಅಗೆಯುವ ದೊಡ್ಡ ಮಷಿನ್ ನಡೆಸುವವನು. ಹಿಂದೆ ಗಿರಿಜಕ್ಕ ಯಾರ ಹಾಜರಿ ಬರೆಯುತ್ತಿದ್ದರೋ ಅವರಲ್ಲಿ ಒಬ್ಬ. ಗಣಿ ನಿಂತ ಮೇಲೆ ಒಡಿಶಾಕ್ಕೆ ಹೋಗಿದ್ದನೆಂದು ಮಾತ್ರ ಗೊತ್ತಿತ್ತು. ಆ ಹೆಸರಿನವರು ನಮ್ಮ ಸೀಮೆಯಲ್ಲಿ ಮನೆಗೊಬ್ಬರು ಇದ್ದಾರೆ, ಹುಡುಕುವುದೆಲ್ಲಿ? ಗಿರಿಜಕ್ಕ ಆಪರೇಟರುಗಳು ಹಾಕುವ ಸಣ್ಣ ಸಣ್ಣ ವಿಡಿಯೋಗಳನ್ನು ದಿನಾ ಊಟದ ಹೊತ್ತಿಗೆ ನೋಡುತ್ತ ಕೂತರು. ಹದಿನೈದನೆಯದೋ ಹದಿನಾರನೆಯದೋ ದಿನ ಒಂದು ವಿಡಿಯೋ ನಿಲ್ಲಿಸಿ ನನ್ನನ್ನು ಕರೆದರು. ಮನುಷ್ಯ ಕಾಣುವುದೇ ಇಲ್ಲ, ಬರೀ ಮಷಿನ್ನು. ಖಾತೆ ಇದ್ದದ್ದು ಯಾವುದೋ ಹುಡುಗಿಯ ಹೆಸರಿನಲ್ಲಿ. "ಮಣ್ಣು ಎತ್ತೋ ಬಕೆಟ್ ನೆಲಕ್ಕ ಇಡೋದು ನೋಡು. ಕೂಸಿನ್ನ ಮಲಗಿಸಿದಂಗ ಇಡತಾನ. ಇವ ನಮ್ಮ ವೀರೇಶನ," ಎಂದರು. ಆ ಹುಡುಗಿ ವೀರೇಶನ ಮಗಳು, ಹೈಸ್ಕೂಲು ಓದುತ್ತಿದ್ದಳು.

ಊರ ಹತ್ತಿರ ಕೆಲಸ ಎಂದಾಗ ಅವನು ಒಂದು ವಾರ ಯೋಚಿಸಿದ. ಒಡಿಶಾದಲ್ಲಿ ಕಾಯಂ ಆಗಿದ್ದ, ಬಿಟ್ಟು ಬಂದರೆ ಮತ್ತೆ ತೆಗೆದುಕೊಳ್ಳುವುದಿಲ್ಲ. ಮಗಳು ಬೆಳೆಯುತ್ತಿದ್ದಾಳೆ, ವರ್ಷಕ್ಕೆ ಎರಡು ಸಲ ನೋಡಿದರೆ ನನ್ನನ್ನು ನೆಂಟರ ಥರ ಮಾತಾಡಿಸುತ್ತಾಳೆ ಎಂದು ಗಿರಿಜಕ್ಕನ ಹತ್ತಿರ ಹೇಳಿದನಂತೆ. ಕೊನೆಗೆ ನಿಮ್ಮ ಮಾತಿನ ಮೇಲೆ ಬರುತ್ತೇನೆ ಅಕ್ಕಾ ಎಂದ. ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿಯಲ್ಲಿ ಸೋಮವಾರ ಬೆಳಿಗ್ಗೆ ಸೇರಬೇಕಿತ್ತು.

ಆ ಶನಿವಾರ ಗಿರಿಜಕ್ಕ ಕಣ್ಣಿನ ಪೊರೆ ತೆಗೆಸಲು ಬಳ್ಳಾರಿಗೆ ಹೋದರು. ವೀರೇಶನಿಗೆ ಗಣಿಯ ಗೇಟು ಎಲ್ಲಿ ಎಂದು ತಿಳಿಸುವ ಕೆಲಸ ನನಗೆ ಬಂತು. ನಾನು ಮ್ಯಾಪಿನಲ್ಲಿ ಗಣಿಯ ಹೆಸರು ಹೊಡೆದು, ಅದು ತೋರಿಸಿದ ಗುರುತನ್ನು ಆಫೀಸಿನ ನಂಬರಿನಿಂದ ಹಾಗೇ ಕಳಿಸಿದೆ. ಸೋಮವಾರ ಅವನು ಬರಲಿಲ್ಲ ಎಂದು ಹತ್ತು ಗಂಟೆಗೆ ಕಂಪನಿಯಿಂದ ಫೋನು. ನಾನು ಅವನಿಗೆ ಹಚ್ಚಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ. ಹನ್ನೆರಡಕ್ಕೆ ಮತ್ತೆ ಕಂಪನಿಯವರು ಬೈದರು, ಮಾಲೀಕರು ಬೈದರು. ತಿಂಗಳ ಕೊನೆ ಬೇರೆ. ಎರಡು ಗಂಟೆಗೆ ನಾನು ಬೇರೆ ಒಬ್ಬನನ್ನು ಆ ಜಾಗಕ್ಕೆ ಕಳಿಸಿ, ಪಟ್ಟಿ ತೆಗೆದು ವೀರೇಶನ ಸಾಲಿಗೆ ಕೆಂಪು ಹಾಕಿದೆ. ಒಪ್ಪಿ ಬರಲಿಲ್ಲ, ಫೋನ್ ಬಂದ್ ಎಂದು ಮುಂದೆ ಬರೆದೆ. ಹಾಕಿದಾಗ ಏನೋ ಒಂದು ಸಮಾಧಾನವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ಬಂದಿದ್ದ. ಬೆಳಿಗ್ಗೆ ಆರಕ್ಕೇ ಬಂದು, ನಾನು ಕಳಿಸಿದ ಗುರುತು ಹಿಡಿದು ಗುಡ್ಡ ಹತ್ತಿ, ಟ್ರಂಕು ಇಟ್ಟುಕೊಂಡು ಗೇಟಿನ ಮುಂದೆ ನಿಂತಿದ್ದ. ಆದರೆ ಅದು ಹಳೆಯ ಗೇಟು. ಗಣಿ ನಿಂತಾಗ ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಹೊಸ ಗೇಟು ಗುಡ್ಡದ ಆಚೆ ಕಡೆ. ಹಳೆಯ ಗೇಟಿನ ಕಡೆ ಫೋನಿಗೆ ಸಿಗ್ನಲ್ ಬರುವುದಿಲ್ಲ. ಯಾರಾದರೂ ಬಂದೇ ಬರುತ್ತಾರೆ, ಗಿರಿಜಕ್ಕ ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಸಂಜೆಯವರೆಗೆ ಅಲ್ಲೇ ಕೂತಿದ್ದನಂತೆ. ಕೆಳಗಿಳಿದು ಆಫೀಸಿಗೂ ಗಿರಿಜಕ್ಕನಿಗೂ ಫೋನು ಹಚ್ಚಿದಾಗ ಐದೂವರೆ ಆಗಿತ್ತು.

ಮರುದಿನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಗಿರಿಜಕ್ಕ ಆಫೀಸಿಗೆ ಬಂದರು. ಯಾವ ಗೇಟು ಹೇಳಿದ್ದೆ ಎಂದು ಒಂದೇ ಮಾತು ಕೇಳಿದರು. ನಾನು ಫೋನು ತೋರಿಸಿದೆ. ಅವರು ಕುರ್ಚಿ ಮೇಲೆ ಕೂತುಬಿಟ್ಟರು. ನಾನು ಆಗಲೇ ಕೆಂಪು ಸಾಲು ಅಳಿಸಿದ್ದೆ. ಅಳಿಸಿದರೇನು, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬೇರೆ ಆಫೀಸಿನವರು ಸೋಮವಾರ ಸಂಜೆಯ ಪಟ್ಟಿಯನ್ನು ತಮ್ಮ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಾಗಿತ್ತು, ಕಂಪನಿಗಳಿಗೂ ಕಳಿಸಿಯಾಗಿತ್ತು.

ಮಧ್ಯಾಹ್ನ ವೀರೇಶ ಬಂದ. ಎತ್ತರದ ಆಳು, ಕೆಂಪು ಧೂಳು ಹಿಡಿದ ಅದೇ ಅಂಗಿ. ಮಾಲೀಕರೂ ಒಳಗಿನ ಕೋಣೆಯಿಂದ ಹೊರಗೆ ಬಂದು, ಯಾರು ಹಾಕಿದ್ದು ಈ ಕೆಂಪು ಎಂದು ನಮ್ಮಿಬ್ಬರನ್ನೂ ನೋಡಿದರು. ಸೇರಿ ಏಳು ತಿಂಗಳಾಗಿತ್ತು. ಈ ಕೆಲಸ ಹೋದರೆ ಗೊಬ್ಬರದ ಅಂಗಡಿ.

"ನಾನ ಹಾಕಿದ್ದು ಸರ್, ಬಳ್ಳಾರಿಯಿಂದನ, ಫೋನಿನ್ಯಾಗ. ಕಣ್ಣು ಮಂಜಿತ್ತು, ಶನಿವಾರ ಹೋಗೋ ಮುಂಚೆ ಗೇಟೂ ತಪ್ಪಿ ಕಳಿಸೀನಿ. ಹುಡುಗಿದೇನು ತಪ್ಪಿಲ್ಲ," ಎಂದರು ಗಿರಿಜಕ್ಕ.

ನಾನು ಒಂದು ಮಾತು, ಅಲ್ಲ ಸರ್ ಎಂಬ ಒಂದೇ ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ವೀರೇಶ ಗಿರಿಜಕ್ಕನನ್ನೇ ನೋಡುತ್ತ ನಿಂತಿದ್ದ. "ಬ್ಯಾರೆ ಯಾರರ ಆಗಿದ್ರ ತಡಕೊಂತಿದ್ದೆ ಅಕ್ಕಾರ. ನಿಮ್ಮ ಮಾತಿನ ಮ್ಯಾಲೆ ಬಂದಿದ್ದೆ ನಾನು," ಎಂದ. ಅವನು ಅವರ ಜೊತೆ ಆಡಿದ ಕಡೆಯ ಮಾತು ಅದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಮಾಲೀಕರು ಗಣಿ ಕಂಪನಿಗಳ ಕೆಲಸವನ್ನೆಲ್ಲ ಗಿರಿಜಕ್ಕನಿಂದ ತೆಗೆದು ನನಗೆ ಕೊಟ್ಟರು. ಕಿಟಕಿ ಪಕ್ಕದ ಅವರ ಮೇಜೂ ನನಗೇ ಬಂತು. ಅವರು ಬಾಗಿಲ ಹತ್ತಿರದ ಮೇಜಿಗೆ ಹೋಗಿ ಅಂಗಡಿಗಳಿಗೆ ಮಾರಾಟದ ಹುಡುಗರನ್ನು ಹುಡುಕತೊಡಗಿದರು. ಆ ದಿನ ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆಯುತ್ತ, ಯಾಕಕ್ಕಾ ಹಿಂಗ ಮಾಡಿದ್ರಿ ಎಂದು ಅತ್ತೆ. ನನಗೇನು ಮದುವೆ ಮಾಡಿಕೊಡುವವರಿದ್ದಾರೆಯೇ, ಹೋದರೆ ಒಂದು ಮೇಜು ಹೋಯಿತು, ನೀನು ಕಣ್ಣೊರೆಸಿಕೋ, ಬಸ್ಸು ಬಂತು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮುಂದಿನ ಹತ್ತು ತಿಂಗಳು ಗಿರಿಜಕ್ಕ ಆ ಕೆಂಪು ಸಾಲಿನ ಬೆನ್ನು ಹತ್ತಿದರು. ಎಲ್ಲ ಆಫೀಸುಗಳಿಗೂ ಖುದ್ದಾಗಿ ಹೋಗಿ, ಎದುರಿಗೆ ಕೂತು ಅಳಿಸಿಸಿದರು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಹಳೆಯ ಪ್ರತಿ ಇರುತ್ತಿತ್ತು. ಕಂಪನಿಯವರು ನಮ್ಮ ಸಾಫ್ಟ್‌ವೇರ್ ಅವನ ಹೆಸರೇ ಮುಂದಕ್ಕೆ ಬಿಡುವುದಿಲ್ಲ, ನಾವೇನು ಮಾಡೋಣ ಎನ್ನುತ್ತಿದ್ದರು. ವೀರೇಶ ಕಂಪ್ಲಿ ಕಡೆ ಭತ್ತ ಕೊಯ್ಯುವ ಮಷಿನ್ ನಡೆಸಿದ, ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರ್ ಹೊಡೆದ, ಅದೂ ಇಲ್ಲದಾಗ ಮನೆಯಲ್ಲಿ ಕೂತ. ತಿಂಗಳಿಗೊಮ್ಮೆ ಆಫೀಸಿಗೆ ಬರುತ್ತಿದ್ದ. ಬಾಗಿಲ ಹತ್ತಿರದ ಮೇಜನ್ನು ದಾಟಿಕೊಂಡು, ಅಲ್ಲಿ ಯಾರೂ ಇಲ್ಲವೇ ಇಲ್ಲ ಎನ್ನುವ ಹಾಗೆ ನೇರ ನನ್ನ ಹತ್ತಿರ ಬಂದು, ಏನಾದರೂ ಆಯಿತೇ ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ಒಮ್ಮೆ ಹೊಲದ ಶೇಂಗಾಕಾಯಿ ತಂದುಕೊಟ್ಟ, ನನ್ನೊಬ್ಬಳಿಗೇ. ಗಿರಿಜಕ್ಕ ತಲೆ ತಗ್ಗಿಸಿ ಫೋನು ನೋಡುತ್ತಿದ್ದರು. ನನಗೆ ಅದು ನುಂಗಲಾರದ ತುತ್ತು. ಪ್ರತಿ ಸಲ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ಪ್ರತಿ ಸಲ ಅವನು ಮೆಟ್ಟಿಲಿಳಿದು ಹೋಗುತ್ತಿದ್ದ.

ಕೊನೆಗೆ ಗಿರಿಜಕ್ಕನೇ ದಾರಿ ಹುಡುಕಿದರು. ಸಂಡೂರಿನ ಹತ್ತಿರ ರಸ್ತೆ ಕೆಲಸದ ಒಬ್ಬ ಗುತ್ತಿಗೆದಾರರಿದ್ದರು. ಸಾಫ್ಟ್‌ವೇರು, ಪಟ್ಟಿ ಒಂದೂ ಇಲ್ಲದ ಹಳೆಯ ಕಾಲದ ಮನುಷ್ಯ. ಅವರ ಮಷಿನ್ನುಗಳ ಫೋಟೋ ನೋಡಿ, ಒಂದು ಹೊಸ ಮಷಿನ್ನು ಮೂರು ವಾರದಿಂದ ನಿಂತ ಜಾಗದಲ್ಲೇ ನಿಂತಿದೆ, ನಡೆಸುವವನು ಸಿಕ್ಕಿಲ್ಲ ಎಂದು ಗುರುತಿಸಿದರು. ಅಣ್ಣನ ಸ್ಕೂಟರಿನ ಹಿಂದೆ ಕೂತು ಹೋಗಿ, ಹೆಸರು ಊರು ಏನೂ ಕೇಳಬೇಡಿ, ಅರ್ಧ ದಿನ ಕೆಲಸ ನೋಡಿ ಎಂದು ಒಪ್ಪಿಸಿದರು. ಗುತ್ತಿಗೆದಾರರೇ ಫೋನು ಹಚ್ಚಿ ವೀರೇಶನನ್ನು ಕರೆಸಿದರು. ಅರ್ಧ ದಿನವೂ ಬೇಕಾಗಲಿಲ್ಲ, ಒಂದು ಗಂಟೆಯಲ್ಲಿ ಅವನನ್ನು ಕಾಯಂ ಮಾಡಿಕೊಂಡರು.

ಅವತ್ತು ಸಂಜೆ ವೀರೇಶ ನನಗೆ ಫೋನು ಹಚ್ಚಿದ. "ನಿಮ್ಮ ಉಪಕಾರ ಮರಿಯಂಗಿಲ್ರಿ ಮೇಡಂ. ಗುತ್ತಿಗೆದಾರರು ಹೇಳಿದ್ರು, ಶೈಲಾ ಮೇಡಂ ಅನ್ನೋರು ಕಳಸ್ಯಾರ ಅಂತ," ಎಂದ. ಶೈಲಾ ಎಂದರೆ ನಾನೇ, ಆದರೆ ನನಗೆ ಏನೂ ಗೊತ್ತೇ ಇರಲಿಲ್ಲ. ಗಿರಿಜಕ್ಕನ ಕಡೆ ತಿರುಗಿದರೆ ಅವರು ಊಟದ ಡಬ್ಬಿ ಚೀಲಕ್ಕೆ ಹಾಕುತ್ತಿದ್ದರು. ನಿನ್ನ ಹೆಸರು ನಾನೇ ಹೇಳಿಸಿದ್ದು, ಕೆಲಸ ನನ್ನ ಕೈಯಿಂದ ಬಂದಿದ್ದು ಅಂತ ಗೊತ್ತಾಗಿದ್ದರೆ ಅವನು ಹತ್ತುತ್ತಿದ್ದನೇ ಆ ಮಷಿನ್ನು ಎಂದರು. ನಾನು ಫೋನಿನಲ್ಲಿ ಪರವಾಗಿಲ್ಲ ಬಿಡಿ ಎಂದಿದ್ದೆ. ಹೌದು, ಹಾಗೇ ಅಂದಿದ್ದೆ. ತಪ್ಪು ನನ್ನದು, ಬೈಗುಳ ಅವರಿಗೆ. ದುಡಿಮೆ ಅವರದು, ನಮಸ್ಕಾರ ನನಗೆ.

ಮಳೆಗಾಲದ ಕೊನೆಗೆ ಅವರಿಗೆ ಕೆಮ್ಮು ಹತ್ತಿತು. ಗಣಿಯ ಧೂಳು ಕುಡಿದ ಎದೆ, ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ಒಂದು ಭಾನುವಾರ ಹೋದೆ. ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಆಗಲೂ ಪಕ್ಕದ ಮಂಚದ ಹೆಂಗಸಿನ ಮಗ ಫಿಟ್ಟರ್ ಎಂದು ತಿಳಿದುಕೊಂಡು ನಂಬರ್ ಬರೆದಿಟ್ಟಿದ್ದರು. ನಾನು ಅವರ ಕೈ ಹಿಡಿದು, ವೀರೇಶನಿಗೆ ಎಲ್ಲ ಹೇಳಿಬಿಡುತ್ತೇನೆ, ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ.

ಅವರು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. "ಹೇಳೋದಿದ್ರ ನಿನ್ನ ಸಲುವಾಗಿ ಹೇಳವ್ವಾ. ನನ್ನ ಸಲುವಾಗಿ ಬ್ಯಾಡ. ನಾನು ಹಗುರ ಅದೀನಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಮಷಿನ್ ಚಲೋ ನಡಸ್ತಾನಂತೇನು?" ನಡೆಸುತ್ತಾನೆ ಎಂದೆ. ಹಾಗಂದರೆ ಸಾಕು ಎಂದು ಕಣ್ಣು ಮುಚ್ಚಿದರು.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಆ ಭಾನುವಾರ ಬಂದಾಗ ತಿಂಗಳ ಕೊನೆಯಾಗಿತ್ತು, ಒಂದು ಕಾರ್ಖಾನೆಗೆ ನಲವತ್ತು ಜನ ಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ಹೋಗಿ ಹೇಳಬೇಕು ಎಂದುಕೊಂಡೆ. ಹೋಗುವುದಕ್ಕೆ ಬಿಡುವಿಲ್ಲ ಎಂದುಕೊಂಡೆ. ಹೀಗೆ ಇಪ್ಪತ್ತು ದಿನ ಕಳೆದೆ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅವರ ಅಣ್ಣ ಫೋನು ಹಚ್ಚಿ, ಗಿರಿಜಾ ಹೋದಳವ್ವಾ ಎಂದರು.

ನಾನು ಆಫೀಸಿನ ಮೆಟ್ಟಿಲ ಮೇಲೇ ಕೂತು ವೀರೇಶನಿಗೆ ಹಚ್ಚಿದೆ. ಸುದ್ದಿ ಕೇಳಿ ಅವನು, ಪಾಪ, ಆದರೆ ನಾನು ಬರುವುದಿಲ್ಲ ಮೇಡಂ, ಮನಸ್ಸು ಒಪ್ಪುವುದಿಲ್ಲ ಎಂದ. ಆಗ ಹೇಳಿದೆ. ಗೇಟು ತಪ್ಪು ಕಳಿಸಿದ್ದು ನಾನು, ಕೆಂಪು ಹಾಕಿದ್ದು ನಾನು, ಈಗಿನ ಕೆಲಸ ಹುಡುಕಿದ್ದು ಅವರು. ಎಲ್ಲ ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಆ ಕಡೆ ಮಷಿನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

"ಮಣ್ಣು ಎಷ್ಟೊತ್ತಿಗ್ರಿ?" ಎಂದು ಕೇಳಿದ. ಮೂರಕ್ಕೆ ಎಂದೆ, ಫೋನು ಇಟ್ಟ.

ಮೂರು ಗಂಟೆಗೆ ಸಂಡೂರಿನಲ್ಲಿ ಮಣ್ಣು. ವೀರೇಶ ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಮಂದಿಯ ಹಿಂದೆ ನಿಂತಿದ್ದವನು ಎಲ್ಲರೂ ಮಣ್ಣು ಕೊಟ್ಟಾದ ಮೇಲೆ ಮುಂದೆ ಬಂದು, ಚಪ್ಪಲಿ ಬಿಟ್ಟು, ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡು ಹಾಕಿದ. ತುಂಬ ಹೊತ್ತು ಹಾಗೇ ಕೂತಿದ್ದ. ಅವರ ಅಣ್ಣ ಹೆಗಲು ಮುಟ್ಟಿದ ಮೇಲೆ ಎದ್ದ.

ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ಒಂದೇ ದಾರಿಯಲ್ಲಿ ನಡೆದೆವು. ಅವನು ಬೈಯಲಿ ಎಂದು ನಾನು ಕಾಯುತ್ತಿದ್ದೆ, ಬೈದರೆ ಎಷ್ಟೋ ಹಗುರ ಆಗುತ್ತಿತ್ತು. ನನ್ನ ಹೊಸಪೇಟೆ ಬಸ್ಸು ನಿಂತಿತ್ತು. ಹತ್ತಲು ಹೋದಾಗ ಅವನು ನನ್ನ ಮುಖ ನೋಡದೆ ಹೇಳಿದ:

"ಒಂದು ದಿನ ಮುಂಚೆ ಹೇಳಿದ್ರ ಸಾಕಾಗಿತ್ರಿ. ಹೋಗಿ ಮಾತಾಡಿಸಿ ಬರ್ತಿದ್ದೆ."